ಜುಟ್ಟಿನ ಮಲ್ಲಿಗೆಯ ಶಾಸ್ತ್ರ

ದೇಶದೇಶಗಳ ವಿದ್ಯಾಭ್ಯಾಸವನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಶಾಸ್ತ್ರ ನಿನ್ನೆ ಮೊನ್ನೆಯದಲ್ಲ. 1817ರಲ್ಲೇ ಫ್ರಾನ್ಸಿನ ಜೂಲಿಯೆನ್ ಎಂಬಾತ, ನಾಡುನಾಡಿನ ಶಾಲೆಗಳಿಗೆ ಒಂದೇ ಪ್ರಶ್ನಾವಳಿ ಹಾಕಿ, ಬಂದ ಉತ್ತರಗಳನ್ನು ಕೋಷ್ಟಕದಲ್ಲಿ ಜೋಡಿಸಿ ನೋಡಬೇಕೆಂದು ಯೋಜನೆ ಬರೆದಿದ್ದ. ಈ ಶಾಸ್ತ್ರದ ಪಂಡಿತರಲ್ಲಿ ಅನೇಕರು ಈಚಿನ ಕೆಲವು ದಶಕಗಳಿಂದ ಸಂಸ್ಥಾಸಿದ್ಧಾಂತ ಎಂಬ ಹೊಸ ಗುರುವಿನ ಪಾದ ಹಿಡಿದಿದ್ದಾರೆ.

ಗುರುವಿನ ಉಪದೇಶ ಕೇಳಲು ಸೊಗಸಾಗಿದೆ. ಅಮೆರಿಕದ ಜಾನ್ ಮೈಯರ್ ಮತ್ತು ಬ್ರಯನ್ ರೋವನ್ 1977ರಲ್ಲಿ ಬರೆದ ಲೇಖನದ ತಿರುಳು ಇಷ್ಟು: ಅನೇಕ ಸಂಸ್ಥೆಗಳು ತಮ್ಮ ಹೊರರೂಪವನ್ನು ಕಟ್ಟಿಕೊಳ್ಳುವುದು ಕೆಲಸದ ಅನುಕೂಲಕ್ಕಲ್ಲ, ನಾಲ್ಕು ಜನರೆದುರು ಮಾನ್ಯತೆಗಾಗಿ, ಒಳಗಿನ ಕೆಲಸಕ್ಕೂ ಹೊರಗಿನ ರೂಪಕ್ಕೂ ಕೊಂಡಿ ಕಳಚಿರುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಮ್ಮ ಅಜ್ಜಿಯರು ಒಂದೇ ಮಾತಿನಲ್ಲಿ ಮುಗಿಸಿದ್ದರು. ಇರಲಿ. ಮೈಯರ್ ಮತ್ತು ಸಂಗಡಿಗರು 1992ರಲ್ಲಿ, 1920ರಿಂದೀಚಿನ ಹಲವು ದೇಶಗಳ ಪ್ರಾಥಮಿಕ ಪಾಠಪಟ್ಟಿಗಳನ್ನು ಹೋಲಿಸಿ, ಬಡ ದೇಶವಾಗಲಿ ಸಿರಿವಂತ ದೇಶವಾಗಲಿ ವಿಷಯಗಳೂ ಅವಕ್ಕೆ ಕೊಟ್ಟ ವೇಳೆಯೂ ಬಹುಮಟ್ಟಿಗೆ ಒಂದೇ ಎಂದು ತೋರಿಸಿದರು. ಜಗತ್ತಿಗೆಲ್ಲ ಒಂದೇ ಅಚ್ಚು, ರಾಷ್ಟ್ರವೆನಿಸಿಕೊಳ್ಳಬೇಕಾದವರೆಲ್ಲ ಅದರಲ್ಲೇ ಎರಕ ಹೊಯ್ಯುತ್ತಾರೆ ಎಂಬುದು ಅವರ ವಾದ.

ಅಚ್ಚು ಉಂಟು, ಒಪ್ಪೋಣ. ಆದರೆ ಇವರು ಹೋಲಿಸಿದ್ದು ಸರ್ಕಾರಿ ಕಾಗದಗಳನ್ನು. ಕಾಗದ ಕಾಗದವನ್ನು ಹೋಲಿದರೆ ಆಶ್ಚರ್ಯವೇನು ಸ್ವಾಮಿ? 2022ರ ಅಸರ್ ಸಮೀಕ್ಷೆಯಂತೆ ನಮ್ಮ ದೇಶದ ಹಳ್ಳಿಗಳಲ್ಲಿ 6ರಿಂದ 14 ವರ್ಷದ ಮಕ್ಕಳು ನೂರಕ್ಕೆ 98ಕ್ಕೂ ಹೆಚ್ಚು ಮಂದಿ ಶಾಲೆಗೆ ದಾಖಲಾಗಿದ್ದರು. ಐದನೆಯ ತರಗತಿಯವರಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲವರು ನೂರಕ್ಕೆ 43ರಷ್ಟು. ಸಿದ್ಧಾಂತಿ ಇದನ್ನು ಕಂಡು, “ನೋಡಿ, ಕೊಂಡಿ ಕಳಚಿದೆ, ನಾನು ಹೇಳಿರಲಿಲ್ಲವೆ?” ಎಂದು ಸಂತೋಷಪಡುತ್ತಾನೆ. ರೋಗಕ್ಕೆ ಹೆಸರಿಟ್ಟು, ನಾಡಿ ಮುಟ್ಟದೆ ಎದ್ದುಹೋಗುವ ವೈದ್ಯನಿಗೆ ಯಾರಾದರೂ ಫೀಸು ಕೊಟ್ಟಾರೆ? ಕ್ಯಾಥರಿನ್ ಆಂಡರ್ಸನ್-ಲೆವಿಟ್ 2003ರಲ್ಲಿ ಸಂಪಾದಿಸಿದ ಗ್ರಂಥದ ಮಾನವಶಾಸ್ತ್ರಜ್ಞರು ತರಗತಿಯೊಳಗೇ ಹೋಗಿ ಕುಳಿತು ನೋಡಿದರು. ಅಚ್ಚು ಒಂದೇ ಇದ್ದರೂ ಊರೂರಿನಲ್ಲಿ ಅದರ ಅರ್ಥ ಬೇರೆ ಎಂದರು.

ರೂಪವನ್ನು ಬರಿಯ ‘ಮಿಥ್ಯೆ’ ಎನ್ನುವುದೂ ಹೊಟ್ಟೆ ತುಂಬಿದವರ ಮಾತು. 1937ರ ವಾರ್ಧಾ ಸಮ್ಮೇಳನದ ಬಳಿಕ ಜಾಕಿರ್ ಹುಸೇನರ ಸಮಿತಿ ಕೈಕಸುಬಿನ ಮೂಲಕವೇ ಎಲ್ಲ ಪಾಠವೂ ನಡೆಯಬೇಕೆಂದಿತು. ಅಚ್ಚನ್ನೇ ಮುರಿಯುವ ಯತ್ನ ಅದು. ಎಷ್ಟೋ ಕಡೆ ತಕಲಿ ವೇಳಾಪಟ್ಟಿಯ ಇನ್ನೊಂದು ಪಿರಿಯಡ್ಡಾಗಿ ಮುದುರಿಕೊಂಡಿತು. ಜಗತ್ತಿನ ಮಾದರಿ ಗೆದ್ದಿತೆನ್ನುತ್ತಾರೆ. ಗೆದ್ದದ್ದು ಸರ್ಟಿಫಿಕೇಟು! ಅದಿಲ್ಲದೆ ಗುಮಾಸ್ತೆಯ ಕುರ್ಚಿಯೂ ಸಿಕ್ಕದೆಂದು ಬಲ್ಲ ತಂದೆಗೆ ಅದು ಮಿಥ್ಯೆಯಲ್ಲ, ಮನೆಯ ಬಾಡಿಗೆ.

ಈ ಸಿದ್ಧಾಂತ ಸೋಲುವುದೇ ಇಲ್ಲವೆಂಬುದು ನನ್ನ ದೊಡ್ಡ ತಕರಾರು. 2009ರ ಸುತ್ತಿನ ಪೀಸಾ ಪರೀಕ್ಷೆಗೆ ತಮಿಳುನಾಡು, ಹಿಮಾಚಲ ಪ್ರದೇಶಗಳ ಮಕ್ಕಳನ್ನು ಕೂರಿಸಿದರು. ಫಲಿತಾಂಶ ಪಟ್ಟಿಯ ತಳಕ್ಕೆ ಬಂತು. ಮುಂದಿನ ಸುತ್ತುಗಳಿಂದ ಭಾರತ ದೂರ ಸರಿಯಿತು. ಕೂತದ್ದೂ ಮಾನ್ಯತೆಗೆ, ಎದ್ದು ಬಂದದ್ದೂ ಮಾನ್ಯತೆಗೆ ಎಂದು ವಿವರಿಸಬಹುದು. ಆ ಮಕ್ಕಳಿಗೆ ಏಕೆ ಓದಲು ಬರಲಿಲ್ಲ, ಯಾವ ಮೇಷ್ಟರ ತರಗತಿಯಲ್ಲಿ ಬಂತು ಎಂಬ ಕೋಷ್ಟಕ ಮಾತ್ರ ಈ ಗುರುವಿನ ಮಠದಲ್ಲಿ ಇನ್ನೂ ಖಾಲಿ.