ಹೆಸರನ್ನು ಕತ್ತರಿಸದ ಅರ್ಜಿ

ಹೈದರಾಬಾದಿನ ಮನೆಯಲ್ಲಿ ಕುಳಿತು ಒಂದು ಜಾಲತಾಣದ ಅರ್ಜಿಯಲ್ಲಿ ತಂದೆಯವರ ಹೆಸರನ್ನು ಕನ್ನಡದಲ್ಲಿ ತುಂಬಿದೆ. ರಸೀದಿಯಲ್ಲಿ ‘ಲಕ್ಷ್ಮೀನಾರಾಯಣ’ ಹೋಗಿ ‘ಲಕ್ಷ್ಮೀನಾರ’ ಉಳಿದಿತ್ತು. ಅದನ್ನು ನಿರ್ವಹಿಸುವ ಮಿತ್ರರು ಪರ್ಲ್ ಭಾಷೆಯ ಹಳೆಯ ಕ್ರಮವಿಧಿಯನ್ನು ಮುಂದಿಟ್ಟು, “ನೀವು ಭಾಷೆ ಓದಿದವರು, ಒಮ್ಮೆ ನೋಡಿ” ಎಂದರು.

ದೋಷ ಎಣಿಕೆಯಲ್ಲಿತ್ತು. ಆ ಹೆಸರಿನಲ್ಲಿ ನಮ್ಮ ಕಿವಿಗೆ ಆರು ಅಕ್ಷರ. ಯೂನಿಕೋಡಿನ ಲೆಕ್ಕಕ್ಕೆ 13 ಸಂಕೇತ. ಯುಟಿಎಫ್-8ರಲ್ಲಿ ಒಂದೊಂದು ಸಂಕೇತಕ್ಕೆ ಮೂರರಂತೆ 39 ಬೈಟು. ಕ್ರಮವಿಧಿಯ ಮಿತಿ 30 ಬೈಟು. ಹತ್ತು ಸಂಕೇತಗಳಾದೊಡನೆ ಕತ್ತರಿ ಬಿತ್ತು. ಇದೇ ಹೆಸರು ಇಂಗ್ಲಿಷಿನಲ್ಲಿ 15 ಬೈಟಿನೊಳಗೆ ಸುಖವಾಗಿ ಅಡಗುತ್ತದೆ; ಆದ್ದರಿಂದಲೇ ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

1987ರಲ್ಲಿ ಪರ್ಲ್ ರೂಪಿಸಿದ ಲ್ಯಾರಿ ವಾಲ್ ಭಾಷಾವಿಜ್ಞಾನದ ವಿದ್ಯಾರ್ಥಿ. ಆ ಭಾಷೆಯಲ್ಲಿ ಪದದ ಅರ್ಥವನ್ನು ಸಂದರ್ಭ ನಿರ್ಧರಿಸುತ್ತದೆ. ಲಿಂಕನ್ ಸ್ಟೈನ್ ರಚಿಸಿದ ಪ್ರಸಿದ್ಧ ಸಿಜಿಐ ಮಾಡ್ಯೂಲಿನಲ್ಲಿ ‘ಪ್ಯಾರಮ್’ ಎಂದು ಕೇಳಿದರೆ ಏಕವಚನದ ಸಂದರ್ಭದಲ್ಲಿ ಒಂದು ಮೌಲ್ಯ, ಪಟ್ಟಿಯ ಸಂದರ್ಭದಲ್ಲಿ ಬಂದುದೆಲ್ಲವೂ ದೊರೆಯುತ್ತಿತ್ತು. ಕವಿತೆಗೆ ಈ ಶ್ಲೇಷೆ ಸೊಗಸು, ಅರ್ಜಿಗೆ ಅಪಾಯ: ಒಂದೇ ಹೆಸರಿನ ಹಲವು ಮೌಲ್ಯಗಳನ್ನು ತುರುಕಿ ಕಿಡಿಗೇಡಿಯೊಬ್ಬ ಕ್ರಮವಿಧಿಯನ್ನೇ ದಾರಿ ತಪ್ಪಿಸಬಹುದು. 2014ರಲ್ಲಿ ಇದು ಬಯಲಾದಾಗ ನಿರ್ವಾಹಕರು ಹಳೆಯ ಕ್ರಿಯೆಯನ್ನು ಕಿತ್ತೊಗೆಯಲಿಲ್ಲ. ಎಚ್ಚರಿಕೆಯ ಸಾಲೊಂದನ್ನು ಸೇರಿಸಿ, ಹಲವು ಮೌಲ್ಯ ಬೇಕಾದವರಿಗೆ ‘ಮಲ್ಟಿ ಪ್ಯಾರಮ್’ ಎಂಬ ಬೇರೆ ಹೆಸರು ಕೊಟ್ಟರು. ಮರುವರ್ಷ ಪರ್ಲ್ 5.22ರೊಂದಿಗೆ ಆ ಮಾಡ್ಯೂಲು ಭಾಷೆಯ ಮೂಲ ಕಟ್ಟಿನಿಂದ ಹೊರಬಂದರೂ, ಬೇಕೆಂದವರಿಗೆ ಪ್ರತ್ಯೇಕವಾಗಿ ಸಿಗುತ್ತದೆ.

ಸುಧಾರಣೆಯೆಂದರೆ ನನ್ನ ಮಟ್ಟಿಗೆ ಇದೇ. ಹಳೆಯದನ್ನು ಹಳಿದು ಹೊಸದು ಕಟ್ಟುವುದು ಸುಲಭದ ಶೌರ್ಯ. ಇರುವುದನ್ನು ಸಾಲುಸಾಲಾಗಿ ಓದಿ, ನೆಚ್ಚಿಕೊಂಡವರಿಗೆ ತೊಡಕಾಗದಂತೆ ತಿದ್ದುವುದು ಸಂಪಾದಕನ ಧರ್ಮ.

ನಾವು ಮಾಡಿದ್ದೂ ಅಲ್ಪವೇ. ಬಂದ ಬೈಟುಗಳನ್ನು ಬಾಗಿಲಲ್ಲೇ ಅಕ್ಷರಸಂಕೇತಗಳಾಗಿ ಬಿಡಿಸಿ, ಅನಂತರ ಅಳೆದು, ಹೊರಹೋಗುವಾಗ ಮತ್ತೆ ಬೈಟುಗಳಾಗಿಸಿದೆವು. ಮಿತಿ ಮೀರಿದರೆ ಸದ್ದಿಲ್ಲದೆ ಕತ್ತರಿಸುವ ಬದಲು ತುಂಬಿದವರಿಗೆ ತಿಳಿಸುವ ಏರ್ಪಾಡು ಮಾಡಿದೆವು. ಪರೀಕ್ಷೆಯ ಕಡತಕ್ಕೆ ತಂದೆಯವರ ಹೆಸರನ್ನೇ ಸೇರಿಸಿದೆವು.

ಹೊರನಾಡಿನ ನಾವು ಅನುಕೂಲಕ್ಕೆಂದು ಹೆಸರನ್ನು ಇಂಗ್ಲಿಷಿನಲ್ಲಿ ತುಂಬಿ ಮುಂದೆ ಸಾಗುತ್ತೇವೆ. ಹಾಗೆ ಸಾಗಿದಷ್ಟೂ ದೋಷ ಅಡಗಿಯೇ ಇರುತ್ತದೆ. ಕನ್ನಡಕ್ಕೆ ಅವಕಾಶವಿರುವ ಕಡೆ ಕನ್ನಡದಲ್ಲೇ ತುಂಬೋಣ. ತುಂಡಾದರೆ ದೂರು ಕೊಡೋಣ. ಯಂತ್ರಕ್ಕೆ ನಮ್ಮ ಒತ್ತಕ್ಷರಗಳ ಪರಿಚಯವಾಗುವುದು ಹಾಗೆಯೇ.