ಬಸ್ಸಾರಿಗೆ ಹೊಲ ಬೇಕು

ರಾಗಿಯ ಗುಣಗಾನ ಈಗ ಎಲ್ಲೆಡೆ ನಡೆದಿದೆ. 2023ನೆಯ ಇಸವಿಯನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲಂತೂ, ಮುದ್ದೆಯನ್ನು ಮೂಸಿಯೂ ನೋಡದಿದ್ದ ಮಹಾಶಯರು ಅದರ ಮೇಲೆ ಉಪನ್ಯಾಸ ಕೊಡತೊಡಗಿದ್ದಾರೆ. ಕೊಡಲಿ, ನಮ್ಮ ಅಭ್ಯಂತರವಿಲ್ಲ. ಆದರೆ ಮನೆಯ ಅಡಿಗೆಯೆಂಬುದು ಬರಿಯ ಒಲೆಯ ಮಾತಲ್ಲ, ನೆಲದ ಮಾತು. ಇದಕ್ಕೆ ಕೋಣನಕುಂಟೆಯೇ ಸಾಕ್ಷಿ.

ಬೆಂಗಳೂರಿನ ದಕ್ಷಿಣಕ್ಕೆ, ಕನಕಪುರ ರಸ್ತೆಯ ಈ ಊರಿನ ಹೆಸರಿನಲ್ಲೇ ಕೋಣವೂ ಇದೆ, ಕುಂಟೆಯೂ ಇದೆ. ಈಗ ಅಲ್ಲಿ ಕಾಣುವುದು ಅಪಾರ್ಟ್‌ಮೆಂಟುಗಳು, ಮತ್ತು 2021ರಲ್ಲಿ ಬಂದ ಮೆಟ್ರೋ. ಈ ಸೀಮೆಯ ಮಳೆಯಾಶ್ರಯದ ಹೊಲದಲ್ಲಿ ಹಿರಿಯರು ರಾಗಿಯನ್ನು ಒಂಟಿಯಾಗಿ ಬಿತ್ತುತ್ತಿರಲಿಲ್ಲ. ನಡುನಡುವೆ ಅಕ್ಕಡಿ ಸಾಲು ಹಿಡಿದು ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ ಹಾಕುತ್ತಿದ್ದರು. ರಾಗಿಯಿಂದ ಮುದ್ದೆ, ಅವರೆಯಿಂದ ಸಾರು, ಹುಚ್ಚೆಳ್ಳಿನಿಂದ ಚಟ್ನಿ, ರಾಗಿಹುಲ್ಲು ಮೇದ ಎಮ್ಮೆಯಿಂದ ಮಜ್ಜಿಗೆ. ಬದುವಿನ ಮೇಲೆ ಯಾರೂ ಬಿತ್ತದೆ ಬೆಳೆದ ಅಣ್ಣೆ, ಗಣಿಕೆ, ಹೊನಗೊನೆಗಳನ್ನು ಹೆಂಗಸರು ಮಡಿಲು ತುಂಬ ಕಿತ್ತು ತಂದರೆ ಅದೇ ಬೆರಕೆ ಸೊಪ್ಪು. ಕಾಳಿನೊಡನೆ ಬೇಯಿಸಿ, ಬಸಿದ ಕಟ್ಟಿಗೆ ಖಾರ ಅರೆದು ಹಾಕಿದರೆ ಬಸ್ಸಾರು; ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಕಾಸಿನ ಖರ್ಚಿಲ್ಲದ ಸೊಪ್ಪಿನಿಂದ ಎರಡು ಬಗೆಯ ಅಡಿಗೆ! ಬಿಸಿ ಮುದ್ದೆಯನ್ನು ಮುರಿದು, ಆ ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗುವ ಸುಖ ಬಲ್ಲವರೇ ಬಲ್ಲರು. (ಮುದ್ದೆ ಕೋಲು ಹಿಡಿದು ತೊಳಸುವವಳ ರಟ್ಟೆಯನ್ನು ಮಾತ್ರ ಈ ಹೊಗಳಿಕೆಯಲ್ಲಿ ಗಂಡಸರು ನೆನೆಯುವುದಿಲ್ಲ.)

ನೆಲ ಹೋದರೆ ಊಟಕ್ಕೇನಾಗುತ್ತದೆ ಎಂಬುದನ್ನು ನೋಡಬೇಕಾದರೆ ಪ್ಯಾಲೆಸ್ತೀನಿನ ಕಡೆ ತಿರುಗಬೇಕು. ಅಲ್ಲಿನ ಮನೆಯೂಟ ನಮ್ಮದಕ್ಕೆ ದಾಯಾದಿಯಂತಿದೆ. ಹಸಿ ಗೋಧಿ ತೆನೆಯನ್ನು ಸುಟ್ಟು ಉಜ್ಜಿ ಮಾಡುವ ಫ್ರೀಕೆ, ನಮ್ಮ ಹಸಿ ರಾಗಿ ತೆನೆಯ ಬೆಳಸೆಯ ಅಣ್ಣ. ರೊಟ್ಟಿಯ ಮೇಲೆ ಆಲಿವ್ ಎಣ್ಣೆಯಲ್ಲಿ ಬಾಡಿಸಿದ ಈರುಳ್ಳಿ, ಸುಮಾಕ್ ಎಂಬ ಹುಳಿಪುಡಿ, ಕೋಳಿ ಹರಡಿದರೆ ಮುಸಖನ್. ಹೊಸ ಎಣ್ಣೆ ಬಂದ ಕಾಲದ ಹಬ್ಬದೂಟ ಅದು. 1948ರಲ್ಲಿ ಅಲ್ಲಿಯ 7 ಲಕ್ಷಕ್ಕೂ ಹೆಚ್ಚು ಜನ ಮನೆ ಹೊಲ ಕಳೆದುಕೊಂಡು ಹೊರಬಿದ್ದರು; ಶಿಬಿರಗಳಲ್ಲಿ ಪಡಿತರದ ಹಿಟ್ಟಿನಿಂದ ರೊಟ್ಟಿ ಸುಟ್ಟರು. ಗುಡ್ಡದ ಮೇಲೆ ತಾನಾಗಿ ಬೆಳೆಯುವ ಜಾತರ್ ಸೊಪ್ಪನ್ನು ಕೀಳಬಾರದೆಂದು 1977ರಲ್ಲಿ, ಅಕ್ಕೂಬ್ ಎಂಬ ಮುಳ್ಳುಗಿಡವನ್ನೂ ಕೀಳಬಾರದೆಂದು 2005ರಲ್ಲಿ ಇಸ್ರೇಲ್ ಸರ್ಕಾರ ಆಜ್ಞೆ ಮಾಡಿತು. ಸಸ್ಯರಕ್ಷಣೆಯೆಂಬುದು ಅದರ ಕಾರಣ. ಸ್ವಂತ ಬಳಕೆಯ ಮಟ್ಟಿಗೆ ಅದು ಸಡಿಲವಾದದ್ದು ಎಷ್ಟೋ ವರ್ಷಗಳ ತರುವಾಯ. ಅಜ್ಜಿಯರು ಕಿತ್ತ ಸೊಪ್ಪನ್ನೇ ಮೊಮ್ಮಕ್ಕಳು ಕಿತ್ತರೆ ಅಪರಾಧ!

ಕೋಣನಕುಂಟೆಗೆ ಬಂದೂಕು ಬರಲಿಲ್ಲ, ಕ್ರಯಪತ್ರ ಬಂತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಅವಿವೇಕ ನಮಗಿಲ್ಲ. ಪ್ಯಾಲೆಸ್ತೀನಿನವರು ಮರಳಿ ಹೋಗಲು ಹೋರಾಡುತ್ತಿರುವ ನೆಲವನ್ನು ನಾವು ಚದರಡಿ ಲೆಕ್ಕದಲ್ಲಿ ಮಾರಿಕೊಂಡೆವು ಎಂಬಷ್ಟು ಮಾತ್ರ ಹೇಳುತ್ತೇವೆ. ಮಾರಿದ ರೈತನನ್ನು ದೂರಿ ಫಲವಿಲ್ಲ. 2025–26ರ ಸಾಲಿಗೆ ರಾಗಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ, ಎಂದರೆ ಕಿಲೋವಿಗೆ 49 ರೂಪಾಯಿಗೂ ಕಡಿಮೆ. ನಗರದ ಹೋಟೆಲಿನ ಒಂದು ಮುದ್ದೆ ಊಟದ ಬೆಲೆಯನ್ನು ಇದರ ಪಕ್ಕಕ್ಕಿಟ್ಟು ಓದುಗರೇ ಲೆಕ್ಕ ಹಾಕಲಿ.

ಸಿರಿಧಾನ್ಯದ ಮೇಳಗಳಿಗೆ ಸುರಿಯುವ ಹಣದಲ್ಲಿ ಸರ್ಕಾರದವರು ಮಾಡಬಹುದಾದ ಕೆಲಸ ಬೇರೆ ಇದೆ. ಕನಕಪುರ ರಸ್ತೆಯ ಆಚೆ ಇನ್ನೂ ಉಳುತ್ತಿರುವ ಹೊಲವನ್ನು ಬಡಾವಣೆಗೆ ಬಿಡುವ ಮುನ್ನ ಗ್ರಾಮಸಭೆಯನ್ನು ಕೇಳಬೇಕು. ಖರೀದಿ ಕೇಂದ್ರದಲ್ಲಿ ರಾಗಿಯ ಜೊತೆಗೆ ಅಕ್ಕಡಿಯ ಅವರೆ, ಹುಚ್ಚೆಳ್ಳನ್ನೂ ಕೊಳ್ಳಬೇಕು. ಮತ್ತು ಸೊಪ್ಪಿನ ಕಟ್ಟು ಹೊತ್ತು ನಗರಕ್ಕೆ ಬರುವ ಹೆಂಗಸರನ್ನು ರಸ್ತೆಬದಿಯಿಂದ ಎಬ್ಬಿಸುವುದು ನಿಲ್ಲಬೇಕು. ಅವರಿಗೆ ಕೂರಲು ಜಾಗ ಗುರುತಿಸಬೇಕೆಂದು 2014ರ ಬೀದಿ ವ್ಯಾಪಾರಿಗಳ ಕಾಯಿದೆಯೇ ಹೇಳುತ್ತದೆ.