ಹೀರೋ ಮುರಿದ ಅಂಗಡಿಯ ಲೆಕ್ಕ ಯಾರು ಕೊಡ್ತಾರೆ?

ಕಳೆದ ರಜೆಯಲ್ಲಿ ಅಕ್ಕನ ಮಕ್ಕಳು ಮಂಗಳೂರಿನಿಂದ ಮಸಿನಗುಡಿಗೆ ಬಂದಿದ್ದರು. ರಾತ್ರಿ ಊಟ ಮುಗಿಸಿ ಎಲ್ಲರೂ ಟಿವಿ ಮುಂದೆ ಕುಳಿತೆವು. ಯಾವುದೋ ಡಬ್ ಆದ ಫೈಟಿಂಗ್ ಸಿನಿಮಾ. ಹೀರೋ ಒಬ್ಬನನ್ನು ಎತ್ತಿ ಎಸೆದ, ಅವನು ಹೋಗಿ ತರಕಾರಿ ಗಾಡಿಯ ಮೇಲೆ ಬಿದ್ದ. ಇನ್ನೊಬ್ಬನನ್ನು ಒದ್ದ, ಅವನು ಗಾಜಿನ ಭರಣಿಗಳನ್ನು ಸಾಲಾಗಿ ಇಟ್ಟಿದ್ದ ಅಂಗಡಿಯೊಳಗೆ ನುಗ್ಗಿದ. ಮಕ್ಕಳು ಕುಣಿದರು, ನಾನೂ ನಕ್ಕೆ. ಮೂಲೆಯಲ್ಲಿ ತಸ್ಬೀಹ್ ಹಿಡಿದು ಕುಳಿತಿದ್ದ ಉಪ್ಪ ಮಾತ್ರ ಕೇಳಿದರು: "ಮೋನೇ, ಆ ಅಂಗಡಿಯವನಿಗೆ ಯಾರು ಕೊಡ್ತಾರೆ?"

ನಾನು ಉತ್ತರ ಕೊಡಲಿಲ್ಲ. ಆದರೆ ಅಂದಿನಿಂದ ಯಾವ ಸಿನಿಮಾ ನೋಡಿದರೂ ಆ ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಸಿನಿಮಾ ವಿರೋಧಿಯಲ್ಲ. ಕೆಜಿಎಫ್ ಎರಡೂ ಭಾಗ, ಆರ್‌ಆರ್‌ಆರ್, ಪುಷ್ಪ, ವಿಕ್ರಮ್, ಜೈಲರ್, ಪಠಾಣ್, ಅವೆಂಜರ್ಸ್ ಎಲ್ಲ ನೋಡಿದವನು. ನಮ್ಮಲ್ಲಿ ಮೈಸೂರಿಗೆ ಹೋಗಿ ಸೆಕೆಂಡ್ ಶೋ ನೋಡಿ ಬರುವ ಹಾಗಿಲ್ಲ, ರಾತ್ರಿ 9ಕ್ಕೆ ಬಂಡೀಪುರ, ಮುದುಮಲೆ ರಸ್ತೆ ಮುಚ್ಚುತ್ತದೆ. ಹಾಗಾಗಿ ಹೆಚ್ಚಿನದು ಮೊಬೈಲಿನಲ್ಲಿ, ಅಂಗಡಿ ಶಟರ್ ಎಳೆದ ಮೇಲೆ.

ಹೊಡೆದಾಟದಲ್ಲಿ ವಿಜ್ಞಾನ ಇಲ್ಲ ಎಂಬ ದೂರೂ ನನ್ನದಲ್ಲ. ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನಾದ್ದರಿಂದ ಗೆಳೆಯರು ನನ್ನಿಂದ ಅದನ್ನೇ ನಿರೀಕ್ಷಿಸುತ್ತಾರೆ. ಹೊಡೆಸಿಕೊಂಡವನು ಇಪ್ಪತ್ತು ಅಡಿ ಹಾರಿದರೆ ಹೊಡೆದವನ ಕಾಲೂ ಹಿಂದಕ್ಕೆ ಜಾರಬೇಕು, ನ್ಯೂಟನ್‌ನ ಮೂರನೇ ನಿಯಮ. ಜಾರುವುದಿಲ್ಲ. ಇರಲಿ ಬಿಡಿ, ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಜಿನ್ನ್ ಹಾರುವಾಗ ನಾವು ಲೆಕ್ಕ ಕೇಳಿದ್ದೆವಾ? ಭೌತಶಾಸ್ತ್ರದ ಲೆಕ್ಕ ತಪ್ಪಿದರೆ ನಷ್ಟವಿಲ್ಲ. ಮನುಷ್ಯರ ಲೆಕ್ಕ ತಪ್ಪುತ್ತಿದೆ, ನನ್ನ ಜಗಳ ಅದಕ್ಕೆ.

ಪುಷ್ಪ ತೆಗೆದುಕೊಳ್ಳಿ. ಮೊದಲ ಭಾಗ 2021ರ ಡಿಸೆಂಬರ್‌ನಲ್ಲಿ, ಎರಡನೆಯದು 2024ರ ಡಿಸೆಂಬರ್‌ನಲ್ಲಿ ಬಂತು. ರಕ್ತಚಂದನ ಕಡಿಯುವ ಕೂಲಿಯೊಬ್ಬ ಕಳ್ಳಸಾಗಣೆಯ ದೊರೆಯಾಗುವ ಕಥೆ. ಗಡ್ಡದ ಕೆಳಗೆ ಕೈ ಸವರದ ಹುಡುಗ ನಮ್ಮ ಪೇಟೆಯಲ್ಲಿ ಒಬ್ಬನೂ ಉಳಿಯಲಿಲ್ಲ. ಈಗ ನಿಜವಾದ ಕಾಡಿಗೆ ಬನ್ನಿ. 2015ರ ಏಪ್ರಿಲ್ 7ರಂದು ಆಂಧ್ರದ ಶೇಷಾಚಲಂ ಕಾಡಿನಲ್ಲಿ ಪೊಲೀಸರ ಗುಂಡಿಗೆ 20 ಮಂದಿ ಸತ್ತರು. ಎಲ್ಲರೂ ನಮ್ಮ ತಮಿಳುನಾಡಿನಿಂದ ಹೋದ ಬಡ ಕೂಲಿಗಳು. ಅವರಲ್ಲಿ ಯಾರೂ ದೊರೆಯಾಗಲಿಲ್ಲ, ಯಾರೂ ಹೆಲಿಕಾಪ್ಟರ್ ಹತ್ತಲಿಲ್ಲ. ಸಿನಿಮಾ ಆ ಕೂಲಿಯ ಬಟ್ಟೆ, ನಡಿಗೆ, ಬೀಡಿ ಎಲ್ಲವನ್ನೂ ತೆಗೆದುಕೊಂಡಿತು, ಅವನ ಮಯ್ಯತ್ತನ್ನು ಮಾತ್ರ ಬಿಟ್ಟುಬಿಟ್ಟಿತು. ಎರಡನೇ ಭಾಗದ ಬಿಡುಗಡೆಯ ಹಿಂದಿನ ರಾತ್ರಿ ಹೈದರಾಬಾದಿನ ಚಿತ್ರಮಂದಿರದ ನೂಕುನುಗ್ಗಲಿನಲ್ಲಿ ಒಬ್ಬ ತಾಯಿ ಸತ್ತರು, ಅವರ ಮಗ ಪ್ರಾಣಾಪಾಯದಲ್ಲಿ ಆಸ್ಪತ್ರೆ ಸೇರಿದ. ಕುಟುಂಬದ ಜೊತೆ ಸಿನಿಮಾ ನೋಡಲು ಬಂದವರು ಅವರು.

ಕೆಜಿಎಫ್ ಕನ್ನಡದ ಹೆಮ್ಮೆ ಎನ್ನುತ್ತೇವೆ. ಸರಿ, ಹೆಮ್ಮೆಯೇ. ಆದರೆ ಅದರ ಹೆಸರಿನ ಊರು ನಿಜವಾಗಿ ಇದೆ. ಕೋಲಾರದ ಆ ಗಣಿ ಮೂರು ಕಿಲೋಮೀಟರ್‌ಗೂ ಹೆಚ್ಚು ಆಳ ಇಳಿದಿತ್ತು, ಅದರೊಳಗೆ ಇಳಿದವರಲ್ಲಿ ಬಹುಪಾಲು ತಮಿಳು ದಲಿತ ಕುಟುಂಬಗಳ ಗಂಡಸರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅವರ ಮಕ್ಕಳು ಇವತ್ತಿಗೂ ಬೆಳಗಾಗುವ ಮೊದಲು ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಸಿನಿಮಾದಲ್ಲಿ ರಾಕಿ ಬಂದ, ಗುಲಾಮರಾಗಿದ್ದ ಕೆಲಸಗಾರರನ್ನು ಬಿಡಿಸಿದ. ಆಮೇಲೆ? ಅದೇ ಜನ ಅದೇ ಗಣಿಯಲ್ಲಿ ಈಗ ರಾಕಿಗಾಗಿ ಅಗೆದರು. ಕೊನೆಗೆ ಅಷ್ಟೂ ಚಿನ್ನ ಅವನ ಜೊತೆ ಸಮುದ್ರ ಸೇರಿತು. ಥಿಯೇಟರಿನಲ್ಲಿ ನಮ್ಮ ಕಣ್ಣಲ್ಲಿ ನೀರು ಬಂತು. ಅಗೆದವರಿಗೆ ಒಂದು ತಿಂಗಳ ಸಂಬಳವಾದರೂ ಸಿಕ್ಕಿತಾ ಎಂದು ಕೇಳಿದವರು ಯಾರು?

ಇದು ಸಿನಿಮಾದವರಿಗೆ ಹೊಳೆಯದ ಪ್ರಶ್ನೆಯೇನಲ್ಲ. 2017ರ ಸ್ಪೈಡರ್‌ಮ್ಯಾನ್ ಹೋಮ್‌ಕಮಿಂಗ್ ನೋಡಿ. ಅದರ ಖಳನಾಯಕ ಮೂಲದಲ್ಲಿ ಒಬ್ಬ ಗುಜರಿ ಗುತ್ತಿಗೆದಾರ. ಅವೆಂಜರ್ಸ್ ನ್ಯೂಯಾರ್ಕಿನಲ್ಲಿ ಹೊಡೆದಾಡಿ ಹೋದ ಮೇಲೆ ಉಳಿದ ಕಸ ಎತ್ತುವ ಕೆಲಸ ಹಿಡಿದಿರುತ್ತಾನೆ, ಅದನ್ನು ನಂಬಿ ಲಾರಿಗಳನ್ನೂ ಕೊಂಡಿರುತ್ತಾನೆ. ದೊಡ್ಡವರು ಬಂದು ಗುತ್ತಿಗೆ ಕಸಿದುಕೊಳ್ಳುತ್ತಾರೆ. ಅಲ್ಲಿಂದ ಅವನು ದಾರಿ ತಪ್ಪುತ್ತಾನೆ. ಅದೇ ಸಿನಿಮಾದಲ್ಲಿ ನಮ್ಮದರಂತೆಯೇ ಒಂದು ಮೂಲೆ ಅಂಗಡಿ ಇದೆ. ಎದುರಿನ ಎಟಿಎಂನಲ್ಲಿ ನಡೆದ ಹೊಡೆದಾಟಕ್ಕೆ ಅದು ಸುಟ್ಟುಹೋಗುತ್ತದೆ. ಸ್ಪೈಡರ್‌ಮ್ಯಾನ್ ಕಳ್ಳರನ್ನು ಬಿಟ್ಟು ಅಂಗಡಿಗೆ ಓಡುತ್ತಾನೆ, ಮಾಲೀಕನನ್ನೂ ಅವನ ಬೆಕ್ಕನ್ನೂ ಹೊರಗೆ ತರುತ್ತಾನೆ. ಹೀರೋ ಎಂದರೆ ನನಗೆ ಅದು.

ಅಷ್ಟು ದೂರ ಯಾಕೆ, ಪಕ್ಕದ ಮಲಯಾಳಂನ ಮಿನ್ನಲ್ ಮುರಳಿ ನೋಡಿ. ಹೀರೋ ಊರಿನ ದರ್ಜಿ. ಖಳನಾಯಕ ಚಹದಂಗಡಿಯ ಕೆಲಸಗಾರ. ಇಬ್ಬರಿಗೂ ಸಿಡಿಲು ಹೊಡೆದು ಒಂದೇ ಶಕ್ತಿ ಬಂತು. ಒಬ್ಬನನ್ನು ಊರು ಸೇರಿಸಿಕೊಂಡಿತು, ಇನ್ನೊಬ್ಬನನ್ನು ಜೀವನಪೂರ್ತಿ ಹುಚ್ಚ ಎಂದು ದೂರ ಇಟ್ಟಿತು. ಬೆಂಕಿ ಬಿದ್ದಾಗ ಸುಡುವುದು ಹೆಸರಿರುವ ಮನೆಗಳು, ಓಡುವುದು ಮುಖ ಇರುವ ಮನುಷ್ಯರು. ಬಜೆಟ್ ದೊಡ್ಡದಾದ ಹಾಗೆ ಈ ಮುಖಗಳು ಮಾಯವಾಗುತ್ತಿವೆ.

ಇದನ್ನು ನಾವು ಬ್ಯಾರಿಗಳು ಯಾಕೆ ಯೋಚಿಸಬೇಕು? ಯಾಕೆಂದರೆ ವ್ಯಾಪಾರ ನಮ್ಮ ಹೆಸರಿನಲ್ಲೇ ಇದೆ ಎನ್ನುವವರು ನಾವು. ಮೀನು, ಬಳೆ, ಬಟ್ಟೆ, ಗುಜರಿ, ದಿನಸಿ. ಸಿನಿಮಾದ ರಸ್ತೆಯಲ್ಲಿ ಮೊದಲು ಮುರಿಯುವುದು ಯಾವುದು? ನಮ್ಮ ಗಾಡಿ, ನಮ್ಮ ಅಂಗಡಿ. 2022ರ ಮಾರ್ಚ್‌ನಲ್ಲಿ ಕಾಪುವಿನ ಮಾರಿಪೂಜೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಇಡಲು ಜಾಗ ಸಿಗಲಿಲ್ಲ, ಆಮೇಲೆ ಬೇರೆ ಜಾತ್ರೆಗಳಿಗೂ ಅದು ಹರಡಿತು. ವರ್ಷಕ್ಕೆ ನಾಲ್ಕು ಜಾತ್ರೆ ನಂಬಿ ಬದುಕುವವನಿಗೆ ಒಂದು ಜಾತ್ರೆ ತಪ್ಪಿದರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅದರ ಮರುತಿಂಗಳು, ಏಪ್ರಿಲ್ 14ಕ್ಕೆ, ಕೆಜಿಎಫ್ ಎರಡನೇ ಭಾಗ ಬಂತು. ದೊಡ್ಡ ಬಂದೂಕಿನಿಂದ ಪೊಲೀಸ್ ಸ್ಟೇಷನ್ ಪುಡಿ ಮಾಡುವ ದೃಶ್ಯಕ್ಕೆ ನಮ್ಮ ಹುಡುಗರೇ ಮೊದಲು ಸೀಟಿ ಹೊಡೆದರು. ಹೊರಗೆ ಒಂದು ಕಲ್ಲು ಬಿದ್ದರೆ ನಡುಗುವ ನಾವು, ಒಳಗೆ ಊರು ಸುಟ್ಟರೆ ಕುಣಿಯುತ್ತೇವೆ.

ನಮ್ಮದೇ ಇನ್ನೊಂದು ಕಪಟ ಇದೆ, ಅದನ್ನೂ ಹೇಳಬೇಕು. ಖಳನಾಯಕನಿಗೆ ಗಡ್ಡ, ಟೊಪ್ಪಿ, ಕಣ್ಣಿಗೆ ಸುರ್ಮಾ ಹಾಕಿದರೆ ನಮಗೆ ಸಿಟ್ಟು ಬರುತ್ತದೆ. ಬರಲೇಬೇಕು. ಆದರೆ 2023ರಲ್ಲಿ ಪಠಾಣ್ ಬಂದಾಗ ಹೀರೋ ಒಂದು ನಗರದ ನಡುವೆ ಏನೆಲ್ಲ ಒಡೆದರೂ ನಮ್ಮ ಲೆಕ್ಕಪುಸ್ತಕ ಮುಚ್ಚಿಯೇ ಇತ್ತು, ಯಾಕೆಂದರೆ ಹೊಡೆಯುವವನು 'ನಮ್ಮವನು'. ತಕ್ಕಡಿಗೆ ನಮ್ಮವರು, ಬೇರೆಯವರು ಎಂದು ಎರಡು ಕಲ್ಲು ಇಡುವವನನ್ನು ವ್ಯಾಪಾರಿ ಎನ್ನುವುದಿಲ್ಲ. ತೂಕದಲ್ಲಿ ಮೋಸ ಮಾಡುವವರಿಗೆ ಕುರ್‌ಆನ್ ಎಷ್ಟು ಕಠಿಣವಾದ ಎಚ್ಚರಿಕೆ ಕೊಟ್ಟಿದೆ ಎಂದು ಮದ್ರಸದಲ್ಲಿ ಎಲ್ಲರೂ ಓದಿದ್ದೇವೆ.

"ಅದು ಬರೀ ಸಿನಿಮಾ ಮಾರಾಯ" ಎನ್ನುತ್ತಾರೆ. ನಾನಿರುವ ಊರಿನ ಒಂದು ವಿಷಯ ಹೇಳುತ್ತೇನೆ. 2021ರ ಜನವರಿಯಲ್ಲಿ ಇಲ್ಲಿ ಒಂದು ಕಾಡಾನೆಯ ಮೇಲೆ ಉರಿಯುವ ಟಯರ್ ಎಸೆದರು. ತಲೆಯ ಮೇಲೆ ಬೆಂಕಿ ಹೊತ್ತು ಆನೆ ಕತ್ತಲಲ್ಲಿ ಓಡುವ ವಿಡಿಯೋ ನೀವೂ ನೋಡಿರಬಹುದು. ಮೊದಲೇ ಗಾಯಗೊಂಡಿದ್ದ ಆನೆ ಅದು, ಚಿಕಿತ್ಸೆಗೆ ತೆಪ್ಪಕಾಡಿಗೆ ಸಾಗಿಸುವಾಗ ಸತ್ತಿತು. ಎಸೆದವರು ಸಿನಿಮಾ ನೋಡಿ ಎಸೆದರು ಎಂದು ನಾನು ಹೇಳುವುದಿಲ್ಲ. ಆದರೆ ಆ ವಿಡಿಯೋವನ್ನು ನನಗೆ ತೋರಿಸಿದ ಒಬ್ಬ ಹುಡುಗ ಮೊದಲು ಹೇಳಿದ್ದು, "ಸಿನಿಮಾ ಸೀನ್ ಥರಾನೇ ಇದೆ ಅಲ್ವಾ ಕಾಕ" ಎಂದು. ನನಗೆ ಭಯವಾಗಿದ್ದು ಅಲ್ಲಿ. ನೋವನ್ನು ನೋಡಿದ ಕೂಡಲೇ ಅವನಿಗೆ ನೆನಪಾದದ್ದು ಸೀನ್.

ಅದೇ ವರ್ಷ ಅಕ್ಟೋಬರ್‌ನಲ್ಲಿ ಟಿ-23 ಎಂಬ ಹುಲಿಯನ್ನು ಇಲ್ಲಿ ಹಿಡಿದರು. ನಾಲ್ವರನ್ನು ಕೊಂದ ಹುಲಿ ಎಂದು ಜನರಿಗೆ ಸಿಟ್ಟಿತ್ತು, ಗುಂಡಿಟ್ಟು ಕೊಲ್ಲಿ ಎಂಬ ಕೂಗಿತ್ತು. ಅರಣ್ಯ ಇಲಾಖೆಯವರು, ವೈದ್ಯರು, ದಾರಿ ಗುರುತಿಸುವ ಆದಿವಾಸಿಗಳು, ಕುಮ್ಕಿ ಆನೆಗಳು ಸೇರಿ ಸುಮಾರು ಮೂರು ವಾರ ಮಳೆಯಲ್ಲಿ ಅಲೆದು, ಮದ್ದಿನ ಚುಚ್ಚುಮದ್ದು ಹೊಡೆದು ಅದನ್ನು ಜೀವಂತ ಹಿಡಿದು ಮೈಸೂರಿಗೆ ಕಳಿಸಿದರು. ಒಬ್ಬ ಹೀರೋ ಅಲ್ಲ, ನೂರು ಮಂದಿ. ಸ್ಲೋ ಮೋಷನ್ ಇಲ್ಲ, ಹಿನ್ನೆಲೆ ಸಂಗೀತ ಇಲ್ಲ. ನಾನು ಕಂಡ ಅತಿ ದೊಡ್ಡ ಮಾಸ್ ಸೀನ್ ಅದು.

2023ರ ಮಾರ್ಚ್‌ನಲ್ಲಿ ಆರ್‌ಆರ್‌ಆರ್ ಹಾಡಿಗೆ ಆಸ್ಕರ್ ಬಂದ ರಾತ್ರಿಯೇ, ನಮ್ಮ ಪಕ್ಕದ ತೆಪ್ಪಕಾಡಿನ ಬೊಮ್ಮನ್, ಬೆಳ್ಳಿ ದಂಪತಿ ತಬ್ಬಲಿ ಆನೆಮರಿ ಸಾಕಿದ ಕಥೆಯ 'ದಿ ಎಲಿಫೆಂಟ್ ವಿಸ್ಪರರ್ಸ್'ಗೂ ಬಂತು. ಮುಕ್ಕಾಲು ಗಂಟೆಯೂ ಇಲ್ಲದ ಚಿತ್ರ. ಒಂದು ಗಾಜೂ ಒಡೆಯುವುದಿಲ್ಲ.

ಈಗ ನಮ್ಮ ಮನೆಗಳ ಮಾತು. ನಮ್ಮಲ್ಲಿ ಎರಡು ಪಕ್ಷ. ಒಂದು ಪಕ್ಷಕ್ಕೆ ಸಿನಿಮಾ ಹರಾಂ, ಮಾತು ಮುಗಿಯಿತು. ಇನ್ನೊಂದಕ್ಕೆ ಸಿನಿಮಾ ಟೈಂಪಾಸ್, ಮಾತು ಶುರುವೇ ಆಗುವುದಿಲ್ಲ. ಉಸ್ತಾದರ ಮಾತಿಗೆ ಎದುರು ಹೇಳುವಷ್ಟು ಓದಿದವನಲ್ಲ ನಾನು. ಆದರೆ ಬೇಡ ಎಂದ ಮನೆಯ ಮಕ್ಕಳೂ ಕಂಬಳಿಯೊಳಗೆ ಮೊಬೈಲಿನಲ್ಲಿ ನೋಡುತ್ತಿವೆ, ಇದು ಎಲ್ಲರಿಗೂ ಗೊತ್ತು. ಸಲಾರ್, ಮಾರ್ಕೊ ಎರಡಕ್ಕೂ ಸೆನ್ಸಾರ್‌ನವರು 'ಎ' ಕೊಟ್ಟಿದ್ದಾರೆ. ಥಿಯೇಟರಿನ ಬಾಗಿಲಲ್ಲಾದರೂ ತಡೆಯುವವರಿದ್ದಾರೆ, ಕಂಬಳಿಯ ಬಾಗಿಲಲ್ಲಿ ಯಾರಿದ್ದಾರೆ? ಎರಡೂ ಪಕ್ಷ ಸೇರಿ ಮಾಡಿದ್ದು ಒಂದೇ: ಮಕ್ಕಳನ್ನು ಒಬ್ಬಂಟಿಯಾಗಿ ಆ ರಕ್ತದ ಮುಂದೆ ಕೂರಿಸಿದ್ದು.

ನನ್ನ ಮಾತು ಇಷ್ಟೇ. ನೋಡುವುದೇ ಆದರೆ ಜೊತೆಗೆ ಕುಳಿತು ನೋಡಿ, ನಡುವೆ ಕೇಳಿ. ಆ ಅಂಗಡಿ ಯಾರದು? ಹಾರಿ ಬಿದ್ದ ಆ ಐವತ್ತು ಮಂದಿಗೆ ಮನೆಯಲ್ಲಿ ಯಾರಿದ್ದಾರೆ? ಹೀರೋ ತಪ್ಪು ಮಾಡಿದ್ದಾನೆ ಎಂದು ಆ ಸಿನಿಮಾದಲ್ಲಿ ಯಾರಾದರೂ ಒಮ್ಮೆಯಾದರೂ ಹೇಳಿದರಾ? ಮಜಾ ಹಾಳಾಗುತ್ತದೆ ಎಂದು ಮಕ್ಕಳು ಗೊಣಗುತ್ತಾರೆ. ಸ್ವಲ್ಪ ಹಾಳಾಗಲಿ.

ಆ ರಜೆಯಲ್ಲೇ ಅಕ್ಕನ ಸಣ್ಣ ಮಗ ಹೀರೋನಂತೆ ಒದೆಯಲು ಹೋಗಿ ಅಂಗಡಿಯ ಒಂದು ಭರಣಿ ಒಡೆದ. ನಾನು ಕೈ ಎತ್ತಿದೆ, ಉಪ್ಪ ತಡೆದರು. ಹುಡುಗನನ್ನು ಪಕ್ಕದಲ್ಲಿ ಕೂರಿಸಿ ಹಳೆಯ ಕಡದ ಪುಸ್ತಕ ತೆರೆದು ಅವನ ಕೈಯಲ್ಲೇ ಬರೆಸಿದರು. ಭರಣಿ ಒಂದು. ಕಡಲೆ ಮಿಠಾಯಿ, ಗಾಜು ಸೇರಿದ್ದರಿಂದ ಬಿಸಾಡಿದ್ದು, ಅರವತ್ತೆರಡು. ಗುಡಿಸಿದ್ದು, ಮಾಮ. ಹುಡುಗ ಬರೆದು ಮುಗಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಉಪ್ಪನನ್ನು ಕೇಳಿದ: "ಸಿನಿಮಾದಲ್ಲಿ ಇದನ್ನು ಯಾರು ಬರೀತಾರೆ?"

ನಾನಂತೂ ಬರೆಯಲು ಶುರು ಮಾಡಿದ್ದೇನೆ. ನಿಮ್ಮ ಮನೆಯಲ್ಲೂ ಒಂದು ಪುಸ್ತಕ ತೆರೆಯಿರಿ.